ವಿಡಿಯೊ ಕಾಲ್‌ನಲ್ಲಿ ಭಜನೆ: ತಾಳ ಯಾಕೆ ಜಾರುತ್ತೆ?

ಪ್ರಶ್ನೆ: ನಮ್ಮದು ಮೈಸೂರಿನ ಸಣ್ಣ ಭಜನಾ ಮಂಡಳಿ. ಶನಿವಾರ ಸಂಜೆ ವಿಡಿಯೊ ಕಾಲ್‌ನಲ್ಲಿ ಕೂಡಿ ಹಾಡುತ್ತೇವೆ. ನನ್ನ ತಂಗಿ ನ್ಯೂಜೆರ್ಸಿಯಿಂದ, ಅಣ್ಣನ ಮಗಳು ಲಂಡನ್ನಿನಿಂದ ಸೇರಿಕೊಳ್ಳುತ್ತಾರೆ. ಎಲ್ಲರಿಗೂ ತಾಳಜ್ಞಾನ ಚೆನ್ನಾಗಿಯೇ ಇದೆ. ಆದರೂ ಎರಡು ನುಡಿ ಮುಗಿಯುವಷ್ಟರಲ್ಲಿ ಹಾಡು ಎಳೆಯೋಕೆ ಶುರುವಾಗುತ್ತೆ. ‘ಒಬ್ಬರನ್ನೊಬ್ಬರು ಗಮನವಿಟ್ಟು ಕೇಳಿ’ ಅಂತ ಹೇಳಿದ ದಿನ ಇನ್ನೂ ಜಾಸ್ತಿ ಎಳೆಯಿತು. ಒಮ್ಮೆ ನನಗೂ ತಂಗಿಗೂ ತಾಳ ಸರಿಯಾಗಿ ಕೂಡಿದೆ ಅನಿಸಿತ್ತು. ಲಂಡನ್ನಿನ ಹುಡುಗಿ ಮಾತ್ರ ‘ನೀವಿಬ್ಬರೂ ಒಬ್ಬರಾದ ಮೇಲೆ ಒಬ್ಬರು ತಟ್ಟುತ್ತಾ ಇದ್ದೀರಿ ಅತ್ತೆ’ ಅಂದಳು. ನಮ್ಮ ಮನೆಯಲ್ಲಿ 200 ಎಂಬಿಪಿಎಸ್ ಫೈಬರ್ ಇದೆ. ಇಂಜಿನಿಯರಿಂಗ್ ಓದುವ ಮಗ ‘ಇದು ಡಿಲೇ ಇರೋ ಕಪಲ್ಡ್ ಆಸಿಲೇಟರ್ ಪ್ರಾಬ್ಲಂ ಅಮ್ಮ’ ಅಂದು ಎದ್ದು ಹೋದ. ಅದೇನು, ಬಿಡಿಸಿ ಹೇಳುತ್ತೀರಾ? ಸರಿಪಡಿಸೋಕೆ ಆಗುತ್ತಾ?

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ಎದ್ದು ಹೋಗದೆ ಕೂತು ಹೇಳಬಹುದಿತ್ತು, ಅಷ್ಟೇ.

ಮೊದಲು ನಿಮ್ಮ 200 ಎಂಬಿಪಿಎಸ್ ವಿಚಾರ ಮುಗಿಸಿಬಿಡೋಣ. ಆ ಅಂಕಿ ಹೇಳುವುದು ಒಂದು ಸೆಕೆಂಡಿಗೆ ಎಷ್ಟು ಮಾಹಿತಿ ಹರಿಯಬಲ್ಲದು ಅನ್ನುವುದನ್ನು. ನೀವು ತಟ್ಟಿದ ತಾಳ ತಂಗಿಯ ಕಿವಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಅನ್ನುವುದು ಬೇರೆಯೇ ಲೆಕ್ಕ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮೈಸೂರಿಂದ ನ್ಯೂಜೆರ್ಸಿಗೆ ನೇರ ಗೆರೆ ಎಳೆದರೂ 13 ಸಾವಿರ ಕಿಲೋಮೀಟರ್ ದಾಟುತ್ತದೆ. ಅಂದರೆ ಬೆಳಕಿಗೇ ಕನಿಷ್ಠ 65 ಮಿಲಿಸೆಕೆಂಡ್ ಬೇಕು. ಸಮುದ್ರದ ಕೇಬಲ್ ನೇರವಾಗಿ ಹೋಗುವುದಿಲ್ಲ, ಸುತ್ತಿ ಬಳಸಿ ಹೋಗುತ್ತದೆ. ಅದರ ಮೇಲೆ ಆ್ಯಪ್ ನಿಮ್ಮ ದನಿಯನ್ನು ತುಂಡು ಮಾಡಿ, ಕುಗ್ಗಿಸಿ, ಆ ಕಡೆ ಒಂದಷ್ಟು ಹೊತ್ತು ಬಫರ್‌ನಲ್ಲಿ ಹಿಡಿದಿಟ್ಟು ಆಮೇಲೆ ಬಿಡುತ್ತದೆ. ಎಲ್ಲಾ ಸೇರಿದರೆ 150ರಿಂದ 300 ಮಿಲಿಸೆಕೆಂಡ್ ಆಗುವುದು ಆಶ್ಚರ್ಯವೇನಲ್ಲ. ಪ್ಲಾನ್ ಬದಲಿಸಿ 500 ಎಂಬಿಪಿಎಸ್ ಹಾಕಿಸಿಕೊಂಡರೂ ಈ ತಡ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಸುಮ್ನೆ ದುಡ್ಡು ದಂಡ.

ಈಗ ಆಸಿಲೇಟರ್‌ಗೆ ಬರೋಣ. ತನ್ನಷ್ಟಕ್ಕೆ ಒಂದೇ ಲಯದಲ್ಲಿ ಮತ್ತೆ ಮತ್ತೆ ಅದೇ ಕೆಲಸ ಮಾಡುವ ಯಾವುದನ್ನಾದರೂ ಆಸಿಲೇಟರ್ ಅನ್ನಬಹುದು. ಗಡಿಯಾರದ ಲೋಲಕ, ಹೃದಯದ ಬಡಿತ, ಲೇಸರ್, ತಾಳ ಹಾಕುವ ಮನುಷ್ಯ, ಎಲ್ಲವೂ ಈ ಜಾತಿಗೆ ಸೇರಿದವೇ. ಎರಡು ಆಸಿಲೇಟರ್‌ಗಳು ಒಂದರ ಲಯವನ್ನು ಇನ್ನೊಂದು ಅಷ್ಟಿಷ್ಟು ಎಳೆಯುವಂತಿದ್ದರೆ ಅವು ಕಪಲ್ಡ್, ಅಂದರೆ ಜೋಡಿಯಾದವು. 1665ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಒಂದೇ ತೊಲೆಗೆ ತೂಗುಹಾಕಿದ್ದ ಎರಡು ಲೋಲಕದ ಗಡಿಯಾರಗಳು ತಾವಾಗಿಯೇ ಹೊಂದಿಕೊಳ್ಳುವುದನ್ನು ನೋಡಿದ. ಒಂದು ಎಡಕ್ಕೆ ಹೋದಾಗ ಇನ್ನೊಂದು ಬಲಕ್ಕೆ. ಕೈಯಿಂದ ಕೆಡಿಸಿದರೂ ಅರ್ಧ ಗಂಟೆಯೊಳಗೆ ಮತ್ತೆ ಅದೇ ಹೊಂದಿಕೆ. ಅಲ್ಲಿ ಸಂದೇಶ ಹೋಗುತ್ತಿದ್ದದ್ದು ಮರದ ಮೂಲಕ. ಮರದಲ್ಲಿ ಕಂಪನ ಸೆಕೆಂಡಿಗೆ ಕೆಲವು ಸಾವಿರ ಮೀಟರ್ ಓಡುತ್ತದೆ. ಹಾಗಾಗಿ ತಡ ಅನ್ನುವುದು ಇಲ್ಲವೇ ಇಲ್ಲ ಅಂದುಕೊಳ್ಳಬಹುದು. ಮುಂದಿನ ಮುನ್ನೂರು ವರ್ಷದ ಗಣಿತದಲ್ಲಿ ಹೆಚ್ಚಿನದು ಹಾಗೆ ಅಂದುಕೊಂಡೇ ಬರೆದದ್ದು. 1975ರಲ್ಲಿ ಜಪಾನಿನ ಯೋಶಿಕಿ ಕುರಾಮೊಟೊ ಬಹಳಷ್ಟು ಆಸಿಲೇಟರ್‌ಗಳ ಹೊಂದಿಕೆಗೆ ಕೊಟ್ಟ ಪ್ರಸಿದ್ಧ ಗಣಿತದ ಮಾದರಿಯಲ್ಲೂ ಎಲ್ಲರೂ ಎಲ್ಲರನ್ನೂ ಆ ಕ್ಷಣದಲ್ಲೇ ಕೇಳಿಸಿಕೊಳ್ಳುತ್ತಾರೆ.

ಒಂದೇ ಕೋಣೆಯಲ್ಲಿ ಕೂತ ಭಜನಾ ಮಂಡಳಿಗೆ ಆ ಮಾದರಿ ಸಾಕು. ನಿಮ್ಮ ಶನಿವಾರದ ಮಂಡಳಿಗೆ ಸಾಲದು. ನೀವು ಕೇಳುತ್ತಿರುವುದು ತಂಗಿ ಈಗ ಹಾಕುತ್ತಿರುವ ತಾಳವನ್ನಲ್ಲ, ಸ್ವಲ್ಪ ಹೊತ್ತಿನ ಹಿಂದೆ ಹಾಕಿದ್ದನ್ನು. ನಿಮಗೆ ಏನನ್ನಿಸುತ್ತದೆ? ‘ನಾನು ಮುಂದೆ ಓಡಿಬಿಟ್ಟೆ, ಅವಳು ಹಿಂದೆ ಬಿದ್ದಿದ್ದಾಳೆ, ಸ್ವಲ್ಪ ತಡೆದುಕೊಳ್ಳೋಣ.’ ತಡೆದುಕೊಳ್ಳುತ್ತೀರಿ. ಅದೇ ಹೊತ್ತಿಗೆ ಆ ಕಡೆ ತಂಗಿಗೂ ನಿಮ್ಮ ಹಳೆಯ ತಾಳ ಕೇಳಿ ಅದೇ ಅನಿಸಿಕೆ. ಅವಳೂ ತಡೆದುಕೊಳ್ಳುತ್ತಾಳೆ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾರೆ. ಯಾರೂ ತಪ್ಪು ಮಾಡಿಲ್ಲ, ಹಾಡು ಮಾತ್ರ ಎಳೆಯುತ್ತಾ ಹೋಗುತ್ತದೆ.

ಎಲ್ಲಿಯವರೆಗೆ ಎಳೆಯುತ್ತದೆ? ಇದಕ್ಕೆ ಒಂದು ಚಿಕ್ಕ ಸೂತ್ರ ಇದೆ. 1989ರಲ್ಲಿ ಜರ್ಮನಿಯ ಷೂಸ್ಟರ್ ಮತ್ತು ವಾಗ್ನರ್ ತಡ ಇರುವ ಎರಡು ಆಸಿಲೇಟರ್‌ಗಳ ಲೆಕ್ಕ ಮಾಡಿ ತೋರಿಸಿದ್ದು. ಮಾತಿನಲ್ಲಿ ಬರೆದರೆ ಹೀಗೆ:

ನೆಲೆ ನಿಲ್ಲುವ ವೇಗ = ಸಹಜ ವೇಗ − (ಎಳೆತ × ಸೈನ್ ಆಫ್ ತಡದ ಕೋನ)

ಸಹಜ ವೇಗ ಅಂದರೆ ನೀವು ಒಬ್ಬರೇ ಹಾಡಿದರೆ ಇರುವ ವೇಗ. ಎಳೆತ ಅಂದರೆ ಇನ್ನೊಬ್ಬರನ್ನು ಕೇಳಿ ನೀವು ನಿಮ್ಮ ವೇಗವನ್ನು ಗರಿಷ್ಠ ಎಷ್ಟು ಬದಲಿಸಿಕೊಳ್ಳುತ್ತೀರಿ ಅನ್ನುವುದು. ತಡದ ಕೋನ ಅಂದರೆ ಆ ತಡದ ಹೊತ್ತಿನಲ್ಲಿ ತಾಳದ ಸುತ್ತು ಎಷ್ಟು ಭಾಗ ತಿರುಗಿರುತ್ತದೆ ಅನ್ನುವುದು. ಒಂದು ಬಡಿತದಿಂದ ಮುಂದಿನ ಬಡಿತಕ್ಕೆ ಪೂರ್ತಿ ಒಂದು ಸುತ್ತು, 360 ಡಿಗ್ರಿ. ಸೈನ್ ಅನ್ನುವುದು ಶಾಲೆಯ ತ್ರಿಕೋನಮಿತಿಯದೇ: ಕೋನ ಸೊನ್ನೆ ಇದ್ದರೆ ಸೊನ್ನೆ, ಕಾಲು ಸುತ್ತಿಗೆ 1, ಅರ್ಧ ಸುತ್ತಿಗೆ ಮತ್ತೆ ಸೊನ್ನೆ, ಅಲ್ಲಿಂದ ಪೂರ್ತಿ ಸುತ್ತಿನವರೆಗೆ ಮೈನಸ್. ನೆಲೆ ನಿಲ್ಲುವ ವೇಗ ಸಮೀಕರಣದ ಎರಡೂ ಕಡೆ ಇದೆ ಅನ್ನುವುದನ್ನು ನಿಮ್ಮ ಮಗ ಗಮನಿಸಬೇಕು. ಆ ಕೋನ ತಿರುಗುವುದೂ ನೆಲೆ ನಿಂತ ವೇಗದಲ್ಲೇ ಅಲ್ವಾ? ಮಜಾ ಎಲ್ಲಾ ಇರುವುದು ಅಲ್ಲೇ.

ನಿಮಿಷಕ್ಕೆ 90 ಬಡಿತದ ಹಾಡು, ತಡ 150 ಮಿಲಿಸೆಕೆಂಡ್ ಅಂತ ಇಟ್ಟುಕೊಂಡು ಲೆಕ್ಕ ಹಾಕೋಣ. ಎಳೆತ ಕಡಿಮೆ ಇದ್ದರೆ, ಅಂದರೆ ನಿಮಿಷಕ್ಕೆ 5 ಬಡಿತದಷ್ಟು ಮಾತ್ರ ಬಗ್ಗುವವರಾದರೆ, ಹಾಡು 85ಕ್ಕೆ ಬಂದು ನಿಲ್ಲುತ್ತದೆ. 10ರಷ್ಟು ಬಗ್ಗುವವರಾದರೆ ಸುಮಾರು 80ಕ್ಕೆ. 20ರಷ್ಟು ಬಗ್ಗುವವರಾದರೆ 72ಕ್ಕೆ. ‘ಗಮನವಿಟ್ಟು ಕೇಳಿ’ ಅಂದ ದಿನ ಹಾಡು ಇನ್ನೂ ಎಳೆದದ್ದು ಇದಕ್ಕೇ. ಒಂದೇ ಕೋಣೆಯಲ್ಲಿ ಒಳ್ಳೆಯ ಹಾಡುಗಾರರ ಲಕ್ಷಣ ಯಾವುದೋ ಅದೇ ಇಲ್ಲಿ ತೊಂದರೆ ಕೊಡುತ್ತದೆ. ಪಕ್ಕದವರ ಮಾತು ಕೇಳದ ಹಟಮಾರಿಗಳ ಗುಂಪು ಆನ್‌ಲೈನ್‌ನಲ್ಲಿ ನಿಮಗಿಂತ ಚೆನ್ನಾಗಿ ವೇಗ ಕಾಪಾಡಿಕೊಳ್ಳುತ್ತದೆ.

ಇನ್ನು ಲಂಡನ್ನಿನ ಹುಡುಗಿ ಹೇಳಿದ ಮಾತು. ನನ್ನನ್ನು ಕೇಳಿದರೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ರುಚಿಯಾದ ಭಾಗ ಅದೇ.

ತಡ ಜಾಸ್ತಿಯಾದಂತೆ ಇಬ್ಬರೂ ಒಟ್ಟಿಗೆ ತಟ್ಟುವ ಹೊಂದಿಕೆ ದುರ್ಬಲವಾಗುತ್ತಾ ಹೋಗುತ್ತದೆ. ತಡ ಕಾಲು ಸುತ್ತು ದಾಟಿದ ಕೂಡಲೇ ಅದು ಮುರಿದುಬೀಳುತ್ತದೆ. 90ರ ವೇಗದಲ್ಲಿ ಒಂದು ಬಡಿತಕ್ಕೆ 667 ಮಿಲಿಸೆಕೆಂಡ್, ಅದರ ಕಾಲು ಭಾಗ 167. ಒಟ್ಟಿಗೆ ತಟ್ಟುವಾಗ ಕೈ ಒಂಚೂರು ತಪ್ಪಿದರೂ ತಡ ಕಾಲು ಸುತ್ತಿನ ಒಳಗೆ ಇರುವವರೆಗೆ ತಿದ್ದುಪಡಿ ಸರಿಯಾದ ದಿಕ್ಕಿಗೇ ಆಗುತ್ತದೆ. ಅದನ್ನು ದಾಟಿದ ಮೇಲೆ ಅದೇ ತಿದ್ದುಪಡಿ ತಪ್ಪನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. ಗೀಸರಿನ ನಲ್ಲಿಯನ್ನು ತಿರುಗಿಸಿದ ಸ್ವಲ್ಪ ಹೊತ್ತಿನ ಮೇಲೆ ನೀರು ಬಿಸಿಯಾಗುವ ಬಚ್ಚಲುಮನೆಯಲ್ಲಿ ಆಗುವುದೂ ಇದೇ: ತಣ್ಣಗಿದೆ ಅಂತ ಜಾಸ್ತಿ ತಿರುಗಿಸಿ, ಮೈ ಸುಟ್ಟುಕೊಂಡು, ಪೂರ್ತಿ ಹಿಂದಕ್ಕೆ ತಿರುಗಿಸಿ, ಮತ್ತೆ ನಡುಗುವುದು.

ಒಟ್ಟಿಗೆ ತಟ್ಟುವುದು ಮುರಿದ ಜಾಗದಲ್ಲಿ ಇನ್ನೊಂದು ಹೊಂದಿಕೆ ಗಟ್ಟಿಯಾಗುತ್ತದೆ. ಅದು ಎದುರುಬದುರು ತಟ್ಟುವುದು, ಒಬ್ಬರ ಎರಡು ಬಡಿತದ ನಡುವೆ ಇನ್ನೊಬ್ಬರದು. ಇದರಲ್ಲಿ ಸೂತ್ರದ ‘−’ ಗುರುತು ‘+’ ಆಗುತ್ತದೆ. ಆದ್ದರಿಂದ ತಡ 200 ಮಿಲಿಸೆಕೆಂಡ್, ಎಳೆತ 10 ಇದ್ದರೆ ಇಬ್ಬರೂ ಎದುರುಬದುರಾಗಿ, ಅದೂ ನಿಮಿಷಕ್ಕೆ ಸುಮಾರು 99ರ ವೇಗದಲ್ಲಿ ತಟ್ಟುತ್ತಾರೆ. ಎಳೆಯುತ್ತಿದ್ದ ಜೋಡಿಯೇ ಈಗ ಓಡುತ್ತಿದೆ! ತಡ ಸರಿಯಾಗಿ ಅರ್ಧ ಸುತ್ತು, ಅಂದರೆ 333 ಮಿಲಿಸೆಕೆಂಡ್ ಆದರೆ ವೇಗ ಮತ್ತೆ ಸಹಜ 90ಕ್ಕೆ ಬರುತ್ತದೆ, ಎದುರುಬದುರು ಮಾತ್ರ ಹಾಗೇ ಉಳಿಯುತ್ತದೆ.

ಈ ಕೊನೆಯ ಸ್ಥಿತಿಯಲ್ಲಿ ನಿಮ್ಮ ಕಿವಿಗೆ ಏನು ಕೇಳುತ್ತದೆ ಯೋಚಿಸಿ. ತಂಗಿ ನಿಮಗಿಂತ ಅರ್ಧ ಬಡಿತ ಮುಂಚೆ ತಟ್ಟಿದಳು. ಅದು ನಿಮ್ಮನ್ನು ತಲುಪಲು ಅರ್ಧ ಬಡಿತ ಹಿಡಿಯಿತು. ಸರಿಯಾಗಿ ನೀವು ತಟ್ಟುವ ಕ್ಷಣಕ್ಕೆ ಕೇಳಿಸಿತು. ಆಹಾ, ತಾಳ ಕೂಡಿತು ಅನ್ನುತ್ತೀರಿ. ಅವಳ ಕಡೆಯೂ ಅದೇ ಕಥೆ. ನಿಮ್ಮಿಬ್ಬರಿಗೂ ಹೆಚ್ಚುಕಡಿಮೆ ಸಮದೂರದಲ್ಲಿರುವ ಲಂಡನ್ನಿಗೆ ಮಾತ್ರ ಇಬ್ಬರ ಬಡಿತವೂ ಒಂದೇ ಅಷ್ಟು ತಡವಾಗಿ ಹೋಗುತ್ತದೆ. ಹಾಗಾಗಿ ಅವಳಿಗೆ ಕೇಳಿದ್ದೇ ನಿಜವಾಗಿ ಆಗುತ್ತಿದ್ದದ್ದು. ಅವಳೇ ಹುಬ್ಬಳ್ಳಿಯಲ್ಲಿ ಕೂತಿದ್ದರೆ ನಿಮ್ಮ ಹಾಗೇ ‘ಸರಿಯಾಗಿದೆ’ ಅನ್ನುತ್ತಿದ್ದಳು. ಇದರಲ್ಲಿ ಯಾರ ಕಿವಿಯೂ ಮೋಸ ಹೋಗಿಲ್ಲ. ತಡ ಇರುವ ಕಡೆ ‘ಒಟ್ಟಿಗೆ’ ಅನ್ನುವುದು ಎಲ್ಲಿ ಕೂತು ಕೇಳುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಅರ್ಧ ಸುತ್ತಿನಿಂದ ಮುಂದೆ ಹೋದರೆ ಕಥೆ ತಿರುಗುತ್ತದೆ. ಮುಕ್ಕಾಲು ಸುತ್ತು ದಾಟಿದ ಮೇಲೆ ಒಟ್ಟಿಗೆ ತಟ್ಟುವುದೇ ಮತ್ತೆ ಗಟ್ಟಿಯಾಗುತ್ತದೆ, ಆದರೆ ಸಹಜಕ್ಕಿಂತ ವೇಗವಾಗಿ. ಪೂರ್ತಿ ಒಂದು ಸುತ್ತು ತಡವಾದರೆ ಸೈನ್ ಸೊನ್ನೆ. ಏನೂ ತಡವೇ ಇಲ್ಲದಂತೆ ಎಲ್ಲ ಸಲೀಸು. ಹಿಂದಿನ ಬಡಿತ ಈಗಿನ ಬಡಿತದ ಮೇಲೆ ಬಂದು ಕೂರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಒಟ್ಟಾರೆ ತಡ ಎಷ್ಟು ಮಿಲಿಸೆಕೆಂಡ್ ಅನ್ನುವುದಕ್ಕಿಂತ ಅದು ಒಂದು ಬಡಿತದ ಎಷ್ಟು ಭಾಗ ಅನ್ನುವುದು ಮುಖ್ಯ. ಅದೇ 200 ಮಿಲಿಸೆಕೆಂಡ್ 90ರ ವೇಗದ ಹಾಡನ್ನು ಮುರಿಯುತ್ತದೆ. ನಿಮಿಷಕ್ಕೆ 60 ಬಡಿತದ ನಿಧಾನದ ದೇವರನಾಮವನ್ನು ಮುರಿಯುವುದಿಲ್ಲ. 51ರ ಹತ್ತಿರಕ್ಕೆ ಎಳೆಯುತ್ತದೆ, ಆದರೆ ಒಟ್ಟಿಗೇ ಇರಿಸುತ್ತದೆ.

ಇದೆಲ್ಲ ಕಾಗದದ ಲೆಕ್ಕ, ಮನುಷ್ಯರು ಹೀಗೇ ಮಾಡುತ್ತಾರಾ ಅಂತ ನೀವು ಕೇಳಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಚೇಫ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿದರು. ಇಬ್ಬಿಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿಸಿ, ನಿಮಿಷಕ್ಕೆ 90ರ ಆಸುಪಾಸಿನ ವೇಗದಲ್ಲಿ ಚಪ್ಪಾಳೆಯ ಲಯ ಹಾಕಿಸಿದರು. ನಡುವಿನ ತಡವನ್ನು ಬೇಕೆಂದೇ ಬದಲಿಸುತ್ತಾ ಹೋದರು. ತಡ ಏರಿದಂತೆ ವೇಗ ಇಳಿಯುತ್ತಾ ಬಂತು, 60 ಮಿಲಿಸೆಕೆಂಡ್ ದಾಟಿದ ಮೇಲೆ ಜೊತೆ ಹದಗೆಟ್ಟಿತು. ಇದು ಸೂತ್ರದ ದಾರಿಯೇ. ಆದರೆ ಮನುಷ್ಯರು 167ರವರೆಗೆ ಕಾಯಲಿಲ್ಲ, ತುಂಬಾ ಮುಂಚೆಯೇ ಎಡವಿದರು. ಇನ್ನೊಂದು ವಿಚಿತ್ರವೂ ಕಂಡಿತು: ತಡ ಸುಮಾರು 10 ಮಿಲಿಸೆಕೆಂಡ್‌ಗಿಂತ ಕಡಿಮೆ ಇದ್ದಾಗ ಜೋಡಿಗಳು ವೇಗ ಹೆಚ್ಚಿಸಿಕೊಳ್ಳುತ್ತಿದ್ದರು. ಸೂತ್ರ ಇದನ್ನು ಹೇಳುವುದಿಲ್ಲ. ಮನುಷ್ಯ ತಾಳವನ್ನು ಕಾದು ತಟ್ಟುವುದಿಲ್ಲ, ಮುಂಗಂಡು ತಟ್ಟುತ್ತಾನೆ. ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಜೊತೆ ತಟ್ಟಲು ಹೇಳಿದರೂ ನಮ್ಮ ಬೆರಳು ಕೆಲವು ಹತ್ತು ಮಿಲಿಸೆಕೆಂಡ್ ಮುಂಚೆಯೇ ಬೀಳುತ್ತದೆ ಅನ್ನುವುದು ಮನಶ್ಶಾಸ್ತ್ರದವರಿಗೆ ಹಳೆಯ ವಿಷಯ. ಈ ಆತುರವನ್ನು ಸರಿಯಾಗಿ ತೂಗಿಸುವಷ್ಟು ತಡ ಇದ್ದಾಗ ಲಯ ನೆಟ್ಟಗೆ ನಿಲ್ಲುತ್ತದೆ. ಗಾಳಿಯಲ್ಲಿ ಸದ್ದು 10 ಮಿಲಿಸೆಕೆಂಡಿಗೆ ಸುಮಾರು ಮೂರೂವರೆ ಮೀಟರ್ ಹೋಗುತ್ತದೆ. ಅಂದರೆ ಒಂದು ಸಾಧಾರಣ ಹಾಲ್‌ನಲ್ಲಿ ಎದುರೆದುರು ಕೂತವರ ನಡುವಿನ ದೂರ. ತೀರಾ ಮೈಗೆ ಮೈ ತಾಗಿ ಕೂತು ಹಾಡಿದರೆ ಓಟ ಹೆಚ್ಚುತ್ತದೆ ಅನ್ನುವ ಅನುಭವ ನಿಮ್ಮಲ್ಲಿ ಯಾರಿಗಾದರೂ ಆಗಿದೆಯಾ, ಕೇಳಿ ನೋಡಿ.

ದೂರ ಜಾಸ್ತಿಯಾದರೆ ಗಾಳಿಯೂ ಕೈಕೊಡುತ್ತದೆ. ಡೊಳ್ಳು ಕುಣಿತದ ದೊಡ್ಡ ವೃತ್ತದಲ್ಲಿ ಆ ತುದಿ ಈ ತುದಿಗೆ 15 ಮೀಟರ್ ಇದ್ದರೆ ಸದ್ದಿನ ತಡವೇ 44 ಮಿಲಿಸೆಕೆಂಡ್. ಅಲ್ಲಿ ಕಣ್ಣು ಕೆಲಸಕ್ಕೆ ಬರುತ್ತದೆ, ಎದುರಿನವನ ಕೋಲು ಏಳುವುದು ಆ ಕ್ಷಣಕ್ಕೇ ಕಾಣುತ್ತದೆ. ವಿಡಿಯೊ ಕಾಲ್‌ನಲ್ಲಿ ಈ ದಾರಿಯೂ ಮುಚ್ಚಿದೆ. ಚಿತ್ರವೂ ಸದ್ದಿನಷ್ಟೇ ತಡವಾಗಿ ಬರುತ್ತದೆ.

ಇಲ್ಲಿಯವರೆಗೆ ಇಬ್ಬರ ಕಥೆ. ಜನ ಜಾಸ್ತಿ ಇದ್ದಾಗಲೂ ಮೂಲ ತತ್ವ ಇದೇ, ಆದರೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಎಳೆತ ಮತ್ತು ತಡ ಎರಡೂ ದೊಡ್ಡದಾದರೆ ಮೇಲಿನ ಸೂತ್ರಕ್ಕೆ ಒಂದಕ್ಕಿಂತ ಹೆಚ್ಚು ಉತ್ತರ ಸಿಗುತ್ತದೆ. ಒಂದೇ ಗುಂಪು, ಒಂದೇ ತಡ, ಆದರೂ ನೆಲೆ ನಿಲ್ಲಬಲ್ಲ ವೇಗಗಳು ಎರಡು ಮೂರು. ಯಾವುದಕ್ಕೆ ಹೋಗಿ ಸೇರುತ್ತದೆ ಅನ್ನುವುದು ಹೇಗೆ ಶುರು ಮಾಡಿದಿರಿ ಅನ್ನುವುದರ ಮೇಲೆ. 1999ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಯಂಗ್ ಮತ್ತು ಸ್ಟ್ರೊಗಾಟ್ಜ್ ಕುರಾಮೊಟೊ ಮಾದರಿಗೆ ತಡ ಸೇರಿಸಿ ನೋಡಿದಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಕೆಲವು ಕಡೆ ಎಲ್ಲರೂ ಕೂಡಿ ಹಾಡುವುದು, ಯಾರಿಗೆ ಯಾರೂ ಇಲ್ಲದಂತೆ ಗೊಂದಲವಾಗುವುದು, ಎರಡೂ ಗಟ್ಟಿ ಸ್ಥಿತಿಗಳೇ. ಹೋದ ವಾರ ಪರವಾಗಿಲ್ಲ ಅನಿಸಿದ ಹಾಡು ಈ ವಾರ ಚೆಲ್ಲಾಪಿಲ್ಲಿಯಾದರೆ ನೆಟ್ ಕಂಪನಿಯವರನ್ನು ಬೈಯುವ ಮುಂಚೆ ಇದನ್ನೂ ಯೋಚಿಸಬಹುದು.

ಗಣಿತದವರಿಗೆ ತಡ ಯಾಕೆ ತಲೆನೋವು ಅನ್ನುವುದನ್ನು ಒಂದೆರಡು ಮಾತಲ್ಲಿ ಹೇಳಿಬಿಡುತ್ತೇನೆ. ತಡ ಇಲ್ಲದಿದ್ದರೆ ಈ ಕ್ಷಣ ಇಬ್ಬರೂ ತಾಳದ ಸುತ್ತಿನಲ್ಲಿ ಎಲ್ಲಿದ್ದೀರಿ ಅನ್ನುವ ಎರಡು ಸಂಖ್ಯೆ ಗೊತ್ತಿದ್ದರೆ ಮುಂದಿನದೆಲ್ಲ ಹೇಳಬಹುದು. ತಡ ಇದ್ದರೆ ಅಷ್ಟು ಸಾಲದು. ಕಳೆದ 200 ಮಿಲಿಸೆಕೆಂಡಿನ ಪೂರ್ತಿ ಚರಿತ್ರೆ ಬೇಕು, ಅದರ ಪ್ರತಿಯೊಂದು ಕ್ಷಣವೂ ಬೇಕು. ಕೇಬಲ್ಲಿನಲ್ಲಿ ಇನ್ನೂ ದಾರಿಯಲ್ಲಿರುವ ಸದ್ದು ಕೂಡ ಈ ವ್ಯವಸ್ಥೆಯ ಭಾಗವೇ. ಎರಡು ಸಂಖ್ಯೆಯ ಸಮಸ್ಯೆ ಲೆಕ್ಕವಿಲ್ಲದಷ್ಟು ಸಂಖ್ಯೆಗಳ ಸಮಸ್ಯೆ ಆಗಿಬಿಡುತ್ತದೆ.

ತಡದಿಂದ ಲಯ ಪೂರ್ತಿ ಸತ್ತೇ ಹೋಗಬಹುದು ಅನ್ನುವುದು ನಮ್ಮ ದೇಶದಿಂದ ಬಂದ ಕೆಲಸ. ಗುಜರಾತಿನ ಗಾಂಧಿನಗರದ ಇನ್‌ಸ್ಟಿಟ್ಯೂಟ್ ಫಾರ್ ಪ್ಲಾಸ್ಮಾ ರಿಸರ್ಚ್‌ನ ರಮಣ ರೆಡ್ಡಿ ಮತ್ತು ಅಭಿಜಿತ್ ಸೇನ್, ಜಾನ್‌ಸ್ಟನ್ ಅನ್ನುವ ಇನ್ನೊಬ್ಬ ವಿಜ್ಞಾನಿಯ ಜೊತೆ ಸೇರಿ 1998ರಲ್ಲಿ ಇದನ್ನು ತೋರಿಸಿದರು. ಅದಕ್ಕೂ ಮುಂಚೆ ಗೊತ್ತಿದ್ದದ್ದು ಇಷ್ಟು: ಸಹಜ ವೇಗ ತುಂಬಾ ಬೇರೆ ಬೇರೆ ಇರುವ ಎರಡು ಆಸಿಲೇಟರ್‌ಗಳನ್ನು ಜೋರಾಗಿ ಜೋಡಿಸಿದರೆ ಎರಡೂ ನಿಂತುಹೋಗಬಹುದು. ಒಂದೇ ಥರದವಾದರೆ ಹಾಗಾಗುವುದಿಲ್ಲ. ತಡ ಸೇರಿಸಿದರೆ ಒಂದೇ ಥರದವೂ ನಿಲ್ಲುತ್ತವೆ ಅನ್ನುವುದು ಇವರ ಮಾತು. ಕಾರಣ ಹೇಳುವುದು ಕಷ್ಟವೇನಲ್ಲ. ಈ ಜೋಡಣೆಯಲ್ಲಿ ಎರಡು ಅಂಶ ಇದೆ: ಇನ್ನೊಬ್ಬರಿಂದ ಬರುವ ತಳ್ಳು, ನಿಮ್ಮನ್ನು ನೀವೇ ಹಿಡಿದುಕೊಳ್ಳುವ ಬ್ರೇಕ್. ತಡ ಇಲ್ಲದಾಗ ಒಟ್ಟಿಗೆ ಹೋಗುವವರಿಗೆ ತಳ್ಳೂ ಬ್ರೇಕೂ ಸಮಸಮ, ಒಂದನ್ನೊಂದು ಅಳಿಸಿಹಾಕುತ್ತವೆ. ತಡ ಕಾಲು ಸುತ್ತಿನ ಹತ್ತಿರ ಇದ್ದರೆ ತಳ್ಳು ಅಡ್ಡಕ್ಕೆ ಬೀಳುತ್ತದೆ. ಅದರಿಂದ ಲಯ ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ. ಉಳಿಯುವುದು ಬ್ರೇಕ್ ಮಾತ್ರ. ಜೋಡಣೆ ಸಾಕಷ್ಟು ಗಟ್ಟಿ ಇದ್ದರೆ ಎರಡೂ ತೂಗಾಟ ನಿಲ್ಲಿಸಿ ಸುಮ್ಮನಾಗುತ್ತವೆ. 2000ದಲ್ಲಿ ಅದೇ ತಂಡ ಎಲೆಕ್ಟ್ರಾನಿಕ್ ಸರ್ಕ್ಯೂಟ್‌ಗಳಲ್ಲಿ ಇದನ್ನು ಮಾಡಿಯೂ ತೋರಿಸಿತು.

ಪ್ರಕೃತಿ ತಡವನ್ನು ಶತ್ರು ಅಂತ ನೋಡುವುದಿಲ್ಲ, ಅದರಿಂದ ಕೆಲಸ ತೆಗೆಯುತ್ತದೆ. ಭಾರತದ ಹೊಳೆಗಳಲ್ಲೂ ಇರುವ ಜೀಬ್ರಾ ಮೀನನ್ನೇ ತೆಗೆದುಕೊಳ್ಳಿ. ಅದರ ಭ್ರೂಣದಲ್ಲಿ ಬೆನ್ನೆಲುಬಿನ ತುಣುಕುಗಳಿಗೆ ಮೂಲವಾಗುವ ಗಂಟುಗಳು ಸುಮಾರು ಅರ್ಧ ಗಂಟೆಗೆ ಒಂದರಂತೆ ಮೂಡುತ್ತವೆ. ಅಲ್ಲಿನ ಪ್ರತಿ ಜೀವಕೋಶದಲ್ಲೂ ಒಂದು ಗಡಿಯಾರ ಇದೆ. ಅಕ್ಕಪಕ್ಕದ ಕೋಶಗಳು ಡೆಲ್ಟಾ, ನಾಚ್ ಅನ್ನುವ ಪ್ರೋಟೀನ್‌ಗಳ ಮೂಲಕ ಮಾತಾಡಿಕೊಳ್ಳುತ್ತವೆ. ಪ್ರೋಟೀನ್ ತಯಾರಾಗಿ ಕೋಶದ ಹೊರಮೈಗೆ ಬರಲು ನಿಮಿಷಗಟ್ಟಲೆ ಬೇಕು, ಅಂದರೆ ಒಂದು ಬಡಿತದ ದೊಡ್ಡ ಭಾಗವೇ ತಡ. 2010ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ತಂಡ ಈ ಮಾತುಕತೆಯನ್ನು ದುರ್ಬಲ ಮಾಡಿ ನೋಡಿತು. ನಿಮ್ಮ ಭಜನೆಯ ಅನುಭವದ ಪ್ರಕಾರ ಲಯ ವೇಗವಾಗಬೇಕಿತ್ತು, ಅಲ್ವಾ? ಆಗಿದ್ದು ಉಲ್ಟಾ, ನಿಧಾನವಾಯಿತು. ಯಾಕಂದರೆ ಅಲ್ಲಿನ ತಡ ಸೂತ್ರದ ಇನ್ನೊಂದು ಬದಿಯಲ್ಲಿದೆ, ಎಳೆತ ವೇಗ ಹೆಚ್ಚಿಸುವ ಬದಿಯಲ್ಲಿ. ಮೀನಿನ ಗಂಟುಗಳ ವೇಗ ಒಂದೊಂದು ಕೋಶದ ಗಡಿಯಾರದಿಂದ ಮಾತ್ರ ಬರುವುದಿಲ್ಲ, ಕೋಶಗಳು ತಡವಾಗಿ ಮಾತಾಡಿಕೊಳ್ಳುವುದರಿಂದಲೂ ಬರುತ್ತದೆ.

ಸರಿ, ನಿಮ್ಮ ಶನಿವಾರಕ್ಕೆ ಬರೋಣ.

ತಡವನ್ನು ಸೊನ್ನೆ ಮಾಡಲು ಆಗುವುದಿಲ್ಲ. ಆದರೆ ಎಳೆತವನ್ನು ಒಂದು ಕಡೆಯಿಂದ ಕತ್ತರಿಸಬಹುದು. ಒಬ್ಬರು ಮುಂದಾಳು. ಅವರು ಬೇರೆ ಯಾರನ್ನೂ ಕೇಳಿಸಿಕೊಳ್ಳಬಾರದು. ಉಳಿದವರೆಲ್ಲ ಮ್ಯೂಟ್ ಆಗಿ, ಮುಂದಾಳಿನ ಜೊತೆ ಹಾಡುವುದು. ಕಾಯುವವರಿಗೆ ಕಾಯುವವರು ಇಲ್ಲದ ಮೇಲೆ ಹಾಡು ಎಳೆಯುವುದಿಲ್ಲ, ಪ್ರತಿಯೊಬ್ಬರೂ ಅವರವರ ತಡದಷ್ಟು ಹಿಂದೆ ಇರುತ್ತಾರೆ, ಅಷ್ಟೇ. ಆನ್‌ಲೈನ್ ಸಂಗೀತ ಪಾಠ ಹೇಳುವವರು ಈ ದಾರಿಯನ್ನು ತಾವಾಗಿಯೇ ಕಂಡುಕೊಂಡಿದ್ದಾರೆ. ನಾಮಾವಳಿಯಲ್ಲಿ ಒಬ್ಬರು ಹೇಳಿ ಉಳಿದವರು ಹೇಳುವ ಕ್ರಮ ಇದೆಯಲ್ಲ, ಅದು ಇದಕ್ಕೆ ಹೇಳಿ ಮಾಡಿಸಿದಂತಿದೆ.

ಮುಂದಾಳು ಯಾರಾಗಬೇಕು? ಲಂಡನ್ನಿನ ಹುಡುಗಿಯೇ ಆಗಲಿ. ಹಿರಿಯರಿಗೆ ಬೇಜಾರಾಗಬಹುದು, ಆದರೆ ಭೌತಶಾಸ್ತ್ರ ಅವಳ ಕಡೆ ಇದೆ. ಅವಳು ನಡುವೆ ಇರುವುದರಿಂದ ನಿಮಗೂ ತಂಗಿಗೂ ತಡ ಹೆಚ್ಚುಕಡಿಮೆ ಒಂದೇ. ಅವಳನ್ನು ಹಿಂಬಾಲಿಸುವ ನೀವಿಬ್ಬರೂ ಒಬ್ಬರನ್ನೊಬ್ಬರು ಕೇಳದೆಯೇ ನಿಜವಾಗಿ ಒಂದೇ ಕ್ಷಣಕ್ಕೆ ತಟ್ಟುತ್ತೀರಿ. ಲೇಸರ್‌ಗಳಲ್ಲಿ ಇಂಥದ್ದೇ ಏರ್ಪಾಟು ಮಾಡಿ ನೋಡಿದ್ದಾರೆ: ದೂರದ ಎರಡು ಲೇಸರ್‌ಗಳ ನಡುವೆ ಮೂರನೆಯದನ್ನು ಇಟ್ಟರೆ ತುದಿಯ ಎರಡೂ ತಡವಿಲ್ಲದೆ ಹೊಂದಿಕೊಳ್ಳುತ್ತವೆ. ಮಿದುಳಿನ ದೂರದ ಭಾಗಗಳು ನರಗಳ ತಡ ಇದ್ದರೂ ಒಟ್ಟಿಗೆ ಮಿಡಿಯುವುದು ಹೀಗೇ ಇರಬಹುದು ಅಂತ ವಾದಿಸುವವರೂ ಇದ್ದಾರೆ.

ಎಲ್ಲರೂ ಎಲ್ಲರನ್ನೂ ಕೇಳಲೇಬೇಕು ಅಂತಿದ್ದರೆ ಪೂರ್ತಿ ಸುತ್ತಿನ ಉಪಾಯ ಇದೆ. ತಡವನ್ನು ಕಡಿಮೆ ಮಾಡುವ ಬದಲು ಬೇಕೆಂದೇ ಜಾಸ್ತಿ ಮಾಡಿ, ಸರಿಯಾಗಿ ಒಂದು ಆವರ್ತಕ್ಕೆ ಕೂರಿಸುವುದು. 2005ರಲ್ಲಿ ಬಂದ ನಿನ್‌ಜ್ಯಾಮ್ ಅನ್ನುವ ತಂತ್ರಾಂಶ ಮಾಡುವುದು ಇದನ್ನೇ. 90ರ ವೇಗದ ಆದಿತಾಳದಲ್ಲಿ ಎಂಟು ಬಡಿತದ ಒಂದು ಆವರ್ತ 5.33 ಸೆಕೆಂಡ್. ನೀವು ಈ ಆವರ್ತ ಹಾಡುವಾಗ ಕೇಳುವುದು ಉಳಿದವರ ಹಿಂದಿನ ಆವರ್ತ. ಒಂದೇ ಸಾಲು ಮತ್ತೆ ಮತ್ತೆ ಬರುವ ನಾಮಸ್ಮರಣೆಗೆ ಇದು ಚೆನ್ನ. ಸಾಹಿತ್ಯ ಮುಂದೆ ಮುಂದೆ ಹೋಗುವ ದಾಸರ ಪದಕ್ಕೆ ಸರಿಹೋಗುವುದಿಲ್ಲ, ಪಲ್ಲವಿಯ ಮೇಲೆ ಅನುಪಲ್ಲವಿ ಬಂದು ಬೀಳುತ್ತದೆ.

ಇನ್ನು ಚಿಲ್ಲರೆ ವಿಷಯಗಳು. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ. ಅದೊಂದೇ 100 ಮಿಲಿಸೆಕೆಂಡ್ ದಾಟುವ ತಡ ಸೇರಿಸುವುದು ಸಾಮಾನ್ಯ, ನಿಮ್ಮ ಸಮುದ್ರದ ಕೇಬಲ್ಲಿಗೆ ಸಮ. ವೈರ್ ಇರುವುದನ್ನೇ ಹಾಕಿ. ಹೆಡ್‌ಫೋನ್ ಇಲ್ಲದೆ ಸ್ಪೀಕರ್‌ನಲ್ಲಿ ಬಿಟ್ಟರೆ ನಿಮ್ಮ ದನಿ ಆ ಕಡೆಯ ಮೈಕ್ ಹೊಕ್ಕು ನಿಮಗೇ ವಾಪಸ್ ಬರಬಹುದು. ತನ್ನದೇ ದನಿಯನ್ನು ಸುಮಾರು 200 ಮಿಲಿಸೆಕೆಂಡ್ ತಡವಾಗಿ ಕೇಳಿದರೆ ಹೆಚ್ಚಿನವರ ನಾಲಿಗೆ ತೊದಲುತ್ತದೆ ಅನ್ನುವುದು 1950ರಿಂದಲೇ ಗೊತ್ತು. ಆ್ಯಪ್‌ಗಳ ಸದ್ದು ತಗ್ಗಿಸುವ ಸೌಲಭ್ಯ ತಾಳದ ಠಣ್ ಅನ್ನುವುದನ್ನು ಗಲಾಟೆ ಅಂದುಕೊಂಡು ಅಳಿಸಿಹಾಕುತ್ತದೆ. ಸಂಗೀತಕ್ಕೆಂದೇ ಬೇರೆ ಸೆಟ್ಟಿಂಗ್ ಇದ್ದರೆ ಅದನ್ನು ಹಾಕಿಕೊಳ್ಳಿ. ಹಾಡು ಆರಿಸುವಾಗ ನಿಧಾನದ್ದನ್ನೇ ಆರಿಸಿ. ಓಟದ ಭಜನೆಗಳನ್ನು ಮಂಡಳಿ ಎದುರೆದುರು ಸೇರುವ ದಿನಕ್ಕೆ ಇಟ್ಟುಕೊಳ್ಳಿ.

ಮೈಸೂರು, ಬೆಂಗಳೂರಿನವರು ಮಾತ್ರ ಕೂಡುವ ದಿನ ಬೇರೆಯದೇ ಸಾಧ್ಯತೆ ಇದೆ. ಆ 145 ಕಿಲೋಮೀಟರ್‌ಗೆ ಬೆಳಕು ಒಂದು ಮಿಲಿಸೆಕೆಂಡನ್ನೂ ತೆಗೆದುಕೊಳ್ಳುವುದಿಲ್ಲ. ಜಾಮ್ಯುಲಸ್, ಜ್ಯಾಕ್‌ಟ್ರಿಪ್ ಥರದ ತಂತ್ರಾಂಶಗಳು ಬಫರ್ ಕಡಿಮೆ ಇಟ್ಟು, ಚಿತ್ರದ ಗೊಡವೆ ಬಿಟ್ಟು, ಸದ್ದನ್ನಷ್ಟೇ ಬೇಗ ಸಾಗಿಸುತ್ತವೆ. ವೈಫೈ ಬಿಟ್ಟು ರೌಟರ್‌ಗೆ ನೇರ ಕೇಬಲ್ ಹಾಕಿಕೊಂಡರೆ ಒಂದು ಹಾಲ್‌ನಲ್ಲಿ ಕೂತಷ್ಟೇ ತಡಕ್ಕೆ ಇಳಿಸಲು ಪ್ರಯತ್ನಿಸಬಹುದು. ಹೊಂದಿಸುವುದು ಸ್ವಲ್ಪ ರಗಳೆ. ಎದ್ದು ಹೋದ ಮಗನನ್ನು ವಾಪಸ್ ಕರೆದು ಆ ಕೆಲಸ ಅವನಿಗೆ ಒಪ್ಪಿಸಿ.